ಆ ತುದಿಗೊಬ್ಬರು, ಈ ತುದಿಗೊಬ್ಬರು

ಟೈಲ್ಸಣ್ಣ ಮಾಡಿದ್ದು ಒಂದೇ ತಪ್ಪು. ಮೊದಲನೇ ಮಹಡಿಯ ದರ್ಜಿಯ ಮಗಳಿಗೆ ಶಾಲೆಯಲ್ಲಿ ಬಹುಮಾನ ಬಂದಾಗ, ಅವಳ ಫೋಟೊದಲ್ಲಿ ಹಿಂದೆ ಕಾಣುತ್ತಿದ್ದ ಕಸದ ಬುಟ್ಟಿಯನ್ನು ಅಳಿಸಿ ಅಲ್ಲೊಂದು ಗುಲಾಬಿ ಗಿಡ ಕೂರಿಸಿಕೊಟ್ಟಿದ್ದ. ಅಂದಿನಿಂದ ಆ ಕಟ್ಟಡದಲ್ಲಿ ಯಾರ ಬಾಯಲ್ಲಿ ಫೋಟೊ ಎಂಬ ಮಾತು ಬಂದರೂ ಅದರ ಬೆನ್ನಿಗೇ ಟೈಲ್ಸಣ್ಣನ ಹೆಸರು ಬರುತ್ತಿತ್ತು. ಕೊನೆಗೆ ಅದು ಮೂರನೇ ಮಹಡಿಯಲ್ಲಿದ್ದ ಮನೆಮಾಲೀಕರು ಮೇಲಿನಮ್ಮನ ಕಿವಿಗೂ ಬಿತ್ತು.

ಅವನಿಗೆ ಆ ಹೆಸರು ಬಂದದ್ದು ಕೆಲಸದಿಂದ. ನೆಲದ ಟೈಲ್ಸ್ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗಳು ಒಂದು ಟೈಲನ್ನು ಕೈಯಲ್ಲಿ ಹಿಡಿದು, ಇದು ಇಡೀ ಹಾಲಿಗೆ ಹಾಸಿದರೆ ಹೇಗೆ ಕಾಣುತ್ತದೆ ಎಂದು ಕೇಳುತ್ತಾರೆ. ಟೈಲ್ಸಣ್ಣ ಆ ಒಂದೇ ಟೈಲಿನ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕಕ್ಕೆ, ಮೇಲೆ ಕೆಳಗೆ ಜೋಡಿಸಿ ತೋರಿಸುತ್ತಾನೆ. ಅವನ ವಿದ್ಯೆ ಅಷ್ಟೇ. ಆದರೆ ಅಷ್ಟೇ ಎಂದು ಹೇಳಿಕೊಳ್ಳುವ ಸ್ವಭಾವ ಅವನದಲ್ಲ.

ಅವನ ಸಂಸಾರ ಇದ್ದದ್ದು ನೆಲಮಹಡಿಯ ಹಿಂಭಾಗದಲ್ಲಿ. ಮಲಗುವ ಕೋಣೆಯ ಗೋಡೆಯಾಚೆಗೆ ನೀರಿನ ಪಂಪು. ದಿನಾ ಬೆಳಕು ಹರಿಯುವ ಮೊದಲೇ ಮೇಲಿನಮ್ಮ ಮೊಣಕಾಲು ಹಿಡಿದುಕೊಂಡು ಇಳಿದು ಬಂದು ಸ್ವಿಚ್ಚು ಒತ್ತಿದರೆಂದರೆ, ರಾತ್ರಿ ಗೋಡೆಗೆ ಅಂಟಿಸಿಟ್ಟ ಮಂಚ ನಡುಗಿ ನಡುಗಿ ಒಂದು ಗೇಣು ಈಚೆ ಬಂದಿರುತ್ತಿತ್ತು. ಹೆಂಡತಿ ಆ ಮನೆಗೆ ಬಂದಮೇಲೆ ನೆಟ್ಟಗೆ ನಿದ್ದೆ ಮಾಡಿದವಳಲ್ಲ. ಪಂಪಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಈಗ ಪಂಪು ನಿಂತಿದ್ದಾಗಲೂ ಅವಳ ದನಿ ಇಳಿಯುತ್ತಿರಲಿಲ್ಲ.

ಇಷ್ಟರಲ್ಲಿ ಎರಡನೇ ಮಹಡಿಯ ಮುಂಭಾಗದ ಮನೆ ಖಾಲಿಯಾಯಿತು. ಗಾಳಿ, ಬೆಳಕು, ಬಾಲ್ಕನಿ, ಮುಖ್ಯವಾಗಿ ಪಂಪಿನಿಂದ ಎರಡು ಮಹಡಿ ದೂರ. ಅದನ್ನು ತಮಗೆ ಕೊಡಿ ಎಂದು ಗಂಡಹೆಂಡತಿ ಮೇಲಿನಮ್ಮನ ಹಿಂದೆ ಬಿದ್ದು ತಿಂಗಳಾಗಿತ್ತು. ಮೇಲಿನಮ್ಮ 'ನೋಡೋಣ' ಎನ್ನುತ್ತಿದ್ದರು. ಮನೆಮಾಲೀಕರ ನೋಡೋಣಕ್ಕೆ ಅರ್ಥ ಹುಡುಕುತ್ತ ಕೂತವರಿಗೆ ನಿದ್ದೆ ಇನ್ನಷ್ಟು ದೂರ.

ಆ ಭಾನುವಾರ ಬೆಳಿಗ್ಗೆ ಮೇಲಿನಮ್ಮನೇ ಬಾಗಿಲಿಗೆ ಬಂದರು.

"ನೋಡಪ್ಪಾ, ಮೆಟ್ಟಿಲ ಗೋಡೆ ತೇವ ಕುಡಿದು ಭೂಪಟ ಆಗಿದೆ. ಬಣ್ಣ ಹೊಡೆಸಿದ್ರೆ ನಿಲ್ಲಲ್ಲ. ಪೇಪರ್ ಅಂಟಿಸೋಣ ಅಂತಿದೀನಿ. ನಿನ್ನೆ ಟೆರೇಸಿನ ಮೇಲೆ ನಮ್ಮದೆಲ್ಲ ಫೋಟೊ ತೆಗೆದೆಯಲ್ಲ, ಅದನ್ನೇ ಗೋಡೆ ಪೂರ್ತಿ ಬರೋ ಹಾಗೆ ಮಾಡ್ಕೊಡು. ಬೆಡ್‌ಶೀಟ್ ಮೇಲೆ ಹೂವು ಇರುತ್ತಲ್ಲ, ಹಾಗೆ. ಜೋಡಿಸಿದ್ದು ಎಲ್ಲೂ ಗೊತ್ತಾಗಬಾರದು."

"ಅದೇನು ಮಹಾ ಅಮ್ಮಾ," ಎಂದ ಟೈಲ್ಸಣ್ಣ.

"ಮಧ್ಯಾಹ್ನದೊಳಗೆ ಕೊಟ್ರೆ ಪ್ರಿಂಟ್ ಅಂಗಡಿಯವನು ಸಂಜೆಗೆ ಅಂಟಿಸಿಕೊಡ್ತಾನೆ. ಆಮೇಲೆ ಎರಡನೇ ಮಹಡಿ ಮನೆ ವಿಷಯ ಮಾತಾಡೋಣ." ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಇನ್ನೊಂದು. ಅವಳು ನನ್ನ ಹತ್ತಿರ ಎಲ್ಲೂ ಸುಳಿಯಬಾರದು."

ಅವಳು ಎಂದರೆ ಎದುರಿನಮ್ಮ, ಮೇಲಿನಮ್ಮನ ಒಡಹುಟ್ಟಿದ ತಂಗಿ. ತಾಯಿಯ ಹೊಲಿಗೆ ಮೆಷಿನ್ನನ್ನು ಅಕ್ಕ ತನ್ನನ್ನೊಂದು ಮಾತು ಕೇಳದೆ ಮಾರಿಬಿಟ್ಟಳೆಂದು ತಂಗಿ ವರ್ಷಗಳ ಹಿಂದೆ ಮನೆ ಬಿಟ್ಟು ಹೋಗಿದ್ದರು. ಹೋದದ್ದು ಬಹಳ ದೂರವೇನಲ್ಲ, ಎದುರು ಮನೆಗೆ. ಅಲ್ಲೇ ಬಾಡಿಗೆಗಿದ್ದುಕೊಂಡು, ಕಿಟಕಿಯಿಂದ ಅಕ್ಕನ ಕಿಟಕಿಯನ್ನು ನೋಡುತ್ತ ಮಾತು ಬಿಟ್ಟಿದ್ದರು. ಕಟ್ಟಡದಲ್ಲಿ ಅರ್ಧ ಪಾಲು ಅವರದೂ ಇದ್ದುದರಿಂದ ಫೋಟೊಗೆ ಕರೆಯದೆಯೂ ಬಂದು ನಿಂತರು. ಅಕ್ಕ ಸಾಲಿನ ಈ ತುದಿಗೆ ನಿಂತದ್ದನ್ನು ನೋಡಿ ತಂಗಿ ಆ ತುದಿಗೆ ಹೋದರು. ಬಾಡಿಗೆದಾರರೆಲ್ಲ ನಡುವೆ ಬೇಲಿಯ ಹಾಗೆ ನಿಂತಿದ್ದರು.

ಟೈಲ್ಸಣ್ಣ ಹಾಲು ತರಲು ಗೇಟು ದಾಟಿದಾಗ ಎದುರಿನಮ್ಮನೂ ಹಿಡಿದು ನಿಲ್ಲಿಸಿದರು.

"ಏನೋ ಗೋಡೆಗೆ ಹಾಕ್ತಾರಂತೆ. ಹಾಕಲಿ. ಆದ್ರೆ ನನ್ನನ್ನ ಅವಳ ಪಕ್ಕದಲ್ಲಿ ಹಾಕಿದ್ರೆ ನನ್ನ ಪಾಲಿನ ಅರ್ಧ ಗೋಡೆ ನಾನೇ ಬಂದು ಕಿತ್ತು ಹಾಕ್ತೀನಿ."

"ನಡುವೆ ಇಡೀ ಕಟ್ಟಡದ ಜನ ನಿಂತಿದ್ದಾರೆ ಅಮ್ಮಾ. ಪಕ್ಕ ಹೇಗೆ ಬರ್ತೀರಿ?" ಎಂದು ಟೈಲ್ಸಣ್ಣ ನಕ್ಕ. ಅವನಿಗೆ ಅದು ನಿಜವೆಂದೇ ಅನಿಸಿತ್ತು.

ಮನೆಗೆ ಬಂದು ಲ್ಯಾಪ್‌ಟಾಪು ತೆರೆದ. ಮೇಲಿನ ಸಾಲಿನವರ ಚಪ್ಪಲಿ ಕೆಳಗಿನ ಸಾಲಿನವರ ತಲೆಯ ಮೇಲೆ ಬರಬಾರದೆಂದು ಎಲ್ಲರನ್ನೂ ಸೊಂಟದ ಕೆಳಗೆ ಕತ್ತರಿಸಿ, ಅಲ್ಲಿ ಬಳ್ಳಿಯದೊಂದು ಪಟ್ಟಿ ಎಳೆದ. ಇಷ್ಟು ಮುಂದಾಲೋಚನೆ ಮಾಡಿದ್ದಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಆಮೇಲೆ ಒಂದು ಫೋಟೊದ ಪಕ್ಕಕ್ಕೆ ಅದೇ ಫೋಟೊ, ಅದರ ಪಕ್ಕಕ್ಕೆ ಮತ್ತೆ ಅದೇ. ಸಂದು ಕಾಣದ ಹಾಗೆ ಆಕಾಶಕ್ಕೆ ಆಕಾಶ ಬೆಸೆದ. ಕೆಲಸ ಎಷ್ಟು ನುಣ್ಣಗೆ ಬಂತೆಂದರೆ ಫೋಟೊ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆಂದು ಅವನಿಗೇ ತಿಳಿಯಲಿಲ್ಲ.

ಕಾಫಿ ತಂದ ಹೆಂಡತಿ ಲೋಟ ಹಿಡಿದುಕೊಂಡೇ ನಿಂತಳು.

"ರೀ, ಮೇಲಿನಮ್ಮನ ಪಕ್ಕದಲ್ಲಿ ಇರೋದು ಯಾರು?"

"ಈ ಪಕ್ಕ ಹೆಡ್‌ಕ್ಲಾರ್ಕು."

"ಆ ಪಕ್ಕ?"

ಟೈಲ್ಸಣ್ಣ ಕಣ್ಣಗಲಿಸಿ ನೋಡಿದ. ಒಂದು ಫೋಟೊದ ಬಲತುದಿಯಲ್ಲಿದ್ದ ತಂಗಿಗೆ ಮುಂದಿನ ಫೋಟೊದ ಎಡತುದಿಯಲ್ಲಿದ್ದ ಅಕ್ಕ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಒಂದು ಕಡೆ ಅಲ್ಲ, ಗೋಡೆ ಉದ್ದಕ್ಕೂ, ಸಾಲು ಸಾಲಾಗಿ. ಜಗತ್ತಿನಲ್ಲಿ ಯಾರೂ ಒಟ್ಟಿಗೆ ನಿಲ್ಲಿಸಲಾಗದ ಇಬ್ಬರನ್ನು ಅವನು ಕಾಫಿ ಬರುವಷ್ಟರಲ್ಲಿ ನೂರಾರು ಸಲ ನಿಲ್ಲಿಸಿಬಿಟ್ಟಿದ್ದ.

"ಮನೆ ಹೋಯ್ತು," ಎಂದು ಹೆಂಡತಿ ಪಂಪಿನ ಮೇಲಿನ ದನಿಯಲ್ಲಿ ಹೇಳಿದಳು. ಆ ದನಿ ಮೊದಲನೇ ಮಹಡಿಯವರೆಗೆ ಹೋಯಿತು. ಎರಡು ನಿಮಿಷದಲ್ಲಿ ನಿವೃತ್ತ ಹೆಡ್‌ಕ್ಲಾರ್ಕು, ಅವರ ಹಿಂದೆ ಹೆಗಲ ಮೇಲೆ ಟೇಪು ನೇತುಹಾಕಿಕೊಂಡ ದರ್ಜಿ, ಇಬ್ಬರೂ ಟೈಲ್ಸಣ್ಣನ ಕುರ್ಚಿಯ ಹಿಂದೆ ಹಾಜರಾದರು. ಹೆಡ್‌ಕ್ಲಾರ್ಕಿಗೆ ಈ ವಿಷಯದಲ್ಲಿ ಆಸಕ್ತಿ ಇರಲು ಕಾರಣವಿತ್ತು. ಅಕ್ಕತಂಗಿಯರ ಮಾತು ಅತ್ತಿಂದಿತ್ತ ಸಾಗಿಸುವುದು ಅವರೇ. ನಿವೃತ್ತಿಯ ನಂತರ ಅವರಿಗೆ ಉಳಿದಿದ್ದ ಒಂದೇ ಹುದ್ದೆ ಅದು.

"ಇದಕ್ಕೆ ಯಾಕಪ್ಪಾ ತಲೆ ಕೆಡಿಸ್ಕೊಳ್ತೀಯ? ಫೋಟೊನ ನಡುವಿಗೆ ಕತ್ತರಿಸು. ಬಲಗಡೆ ತುಂಡು ಎಡಕ್ಕೆ ಹಾಕು, ಎಡಗಡೇದು ಬಲಕ್ಕೆ. ತುದಿಗೆ ಬೇರೆಯವರು ಬರ್ತಾರೆ," ಎಂದರು ಹೆಡ್‌ಕ್ಲಾರ್ಕು.

ಟೈಲ್ಸಣ್ಣ ಹಾಗೇ ಮಾಡಿದ. ತುದಿಗೆ ಬೇರೆಯವರು ಬಂದರು, ನಿಜ. ಅಕ್ಕತಂಗಿಯರು ಈಗ ಫೋಟೊದ ನಟ್ಟನಡುವೆ, ಗ್ರೂಪ್ ಫೋಟೊದಲ್ಲಿ ಮದುಮಕ್ಕಳು ನಿಲ್ಲುವ ಜಾಗದಲ್ಲಿ ನಿಂತಿದ್ದರು.

"ಮೊದಲಾದ್ರೂ ಮೂಲೇಲಿದ್ರು," ಎಂದ ದರ್ಜಿ. "ಟೈಲ್ಸಣ್ಣಾ, ಬಟ್ಟೆಯಲ್ಲಿ ಹೂವು ಕೂಡದಿದ್ರೆ ನಾವು ಒಂದು ತುಂಡನ್ನ ಮಗ್ಗುಲು ತಿರುಗಿಸ್ತೀವಿ. ನೀನೂ ಹಾಗೆ ಮಾಡು. ಒಂದು ಫೋಟೊ ನೆಟ್ಟಗೆ, ಇನ್ನೊಂದು ಕನ್ನಡಿಯಲ್ಲಿ ಕಂಡ ಹಾಗೆ. ಅಕ್ಕನ ಪಕ್ಕ ಅಕ್ಕನೇ ಬರ್ತಾರೆ, ತಂಗಿ ಪಕ್ಕ ತಂಗೀನೇ."

ಇದು ಒಳ್ಳೆಯ ಯೋಚನೆ ಎಂದು ಎಲ್ಲರಿಗೂ ಅನ್ನಿಸಿತು. ಟೈಲ್ಸಣ್ಣ ಒಂದು ಬಿಟ್ಟೊಂದು ಫೋಟೊವನ್ನು ತಿರುಗಿಸಿದ. ಆದರೆ ತಂಗಿಯಿಂದ ಎಷ್ಟು ಸಾಧ್ಯವೋ ಅಷ್ಟು ದೂರ ನಿಲ್ಲುವ ಹಟದಲ್ಲಿ ಮೇಲಿನಮ್ಮ ಎಷ್ಟು ಅಂಚಿಗೆ ಹೋಗಿದ್ದರೆಂದರೆ, ಅವರ ಒಂದು ತೋಳು ಫೋಟೊದ ಆಚೆ ಉಳಿದಿತ್ತು. ಈಗ ಅಂಚಿಗೆ ಅಂಚು ಕೂಡಿದಾಗ ಎರಡು ತಲೆಯ, ಒಂದೇ ಮೈಯ ಮೇಲಿನಮ್ಮ ಪ್ರತ್ಯಕ್ಷರಾದರು.

ದರ್ಜಿ ತನ್ನ ಟೇಪನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿದ.

"ಒಂದು ತಲೆಗೇ ಈ ಕಟ್ಟಡ ನಡುಗ್ತಾ ಇದೆ," ಎಂದರು ಹೆಡ್‌ಕ್ಲಾರ್ಕು ಮೆಲ್ಲಗೆ. ಆಮೇಲೆ ಪರದೆಗೆ ಮುಖ ಹತ್ತಿರ ತಂದು ತಮ್ಮನ್ನು ತಾವು ನೋಡಿಕೊಂಡರು. "ಅದೂ ಅಲ್ಲದೆ ನನ್ನ ಪೆನ್ನು ಬಲಗಡೆ ಜೇಬಿಗೆ ಬಂದಿದೆ. ಇಷ್ಟು ವರ್ಷ ಸರ್ವೀಸಿನಲ್ಲಿ ನಾನು ಯಾವತ್ತೂ ಬಲಗಡೆ ಇಟ್ಟವನಲ್ಲ."

ಗಡಿಯಾರ ಓಡುತ್ತಿತ್ತು. ಮೇಲಿಂದ ಮೇಲಿನಮ್ಮನ ದನಿ ಕೇಳಿಸಿತು. "ಆಯ್ತೇನಪ್ಪಾ?" ಟೈಲ್ಸಣ್ಣ "ಆಗ್ತಾ ಬಂತು ಅಮ್ಮಾ" ಎಂದು ಕೂಗಿದ. ಅವನಿಗೆ ಎರಡನೇ ಮಹಡಿಯ ಬಾಲ್ಕನಿ ಒಂದೊಂದೇ ಮೆಟ್ಟಿಲು ಮೇಲೆ ಹೋಗುತ್ತಿರುವಂತೆ ಅನಿಸಿತು. ಮನೆಗಾಗಿ ಅಲ್ಲದಿದ್ದರೆ, ಎರಡು ತಲೆಯಾದರೂ ಸರಿ ಎಂದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ.

"ನಡುವೆ ಯಾರನ್ನಾದ್ರೂ ನಿಲ್ಲಿಸಿದ್ರೆ ಆಗಲ್ವಾ?" ಎಂದಳು ಹೆಂಡತಿ.

"ನಾನು ನಿಲ್ತೀನಿ. ಹೇಗಿದ್ರೂ ಇಬ್ಬರ ನಡುವೆ ಓಡಾಡೋನು ನಾನೇ," ಎಂದರು ಹೆಡ್‌ಕ್ಲಾರ್ಕು.

"ನೀವು ಆಗಲೇ ಒಂದು ಸಲ ಇದ್ದೀರಲ್ಲ ಸಾರ್. ನಿಮಗೆ ಎರಡು ಸಲ, ನಮಗೆಲ್ಲ ಒಂದು ಸಲ, ಅದು ಯಾವ ನ್ಯಾಯ?" ಎಂದ ದರ್ಜಿ. ಇಬ್ಬರೂ ಅದರ ಮೇಲೆ ವಾದಕ್ಕೆ ಬಿದ್ದರು.

"ನೀವೇ ನಿಲ್ಲಿ," ಎಂದಳು ಹೆಂಡತಿ ಗಂಡನಿಗೆ. "ಫೋಟೊ ತೆಗೆದವರು ನೀವು. ಫೋಟೊದಲ್ಲಿ ಇಲ್ಲದಿರೋರೂ ನೀವೊಬ್ಬರೇ."

ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಹೆಂಡತಿ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮೊಬೈಲಿನಲ್ಲಿ ಪಟಕ್ಕನೆ ಒಂದು ಫೋಟೊ ತೆಗೆದಳು. ಟೈಲ್ಸಣ್ಣ ಸುಸ್ತಾಗಿ ಫ್ರಿಜ್ಜಿನ ಮೇಲೆ ಒಂದು ಕೈ ಊರಿದ್ದ. ಅದನ್ನು ಯಾರೂ ಗಮನಿಸಲಿಲ್ಲ. ಅವನನ್ನು ಕತ್ತರಿಸಿ ಸಾಲಿನ ಬಲತುದಿಗೆ, ಎದುರಿನಮ್ಮನ ಪಕ್ಕಕ್ಕೆ ತಂದು ಕೂರಿಸಿದರು. ಫೋಟೊ ಪಕ್ಕಕ್ಕೆ ಫೋಟೊ ಜೋಡಿಸಿದಾಗ ಸಾಲು ಸರಿಯಾಯಿತು. ತಂಗಿ, ಆಮೇಲೆ ಟೈಲ್ಸಣ್ಣ, ಆಮೇಲೆ ಅಕ್ಕ. ಎರಡು ದೇಶಗಳ ಗಡಿಯಲ್ಲಿ ನೆಟ್ಟ ಕಲ್ಲಿನ ಹಾಗೆ ಅವನು ನಡುವೆ ನಿಂತಿದ್ದ.

ಒಂದೇ ಒಂದು ತೊಡಕು ಉಳಿಯಿತು. ಫ್ರಿಜ್ಜು ಹೋಗಿತ್ತು, ಫ್ರಿಜ್ಜಿನ ಮೇಲಿದ್ದ ಬೆರಳುಗಳು ಹೋಗಿರಲಿಲ್ಲ. ಅಂಚು ದಾಟಿ ಮುಂದಿನ ಫೋಟೊಗೆ ಚಾಚಿಕೊಂಡ ಆ ನಾಲ್ಕು ಬೆರಳು ನೇರವಾಗಿ ಮೇಲಿನಮ್ಮನ ಹೆಗಲ ಮೇಲೆ ಕೂತಿದ್ದವು.

"ಮಾಲೀಕರ ಹೆಗಲ ಮೇಲೆ ಬಾಡಿಗೆದಾರನ ಕೈ," ಎಂದು ದರ್ಜಿ ತಲೆಯಾಡಿಸಿದ.

ಟೈಲ್ಸಣ್ಣ ಬೆರಳುಗಳನ್ನು ಅಳಿಸಹೋದ. ಮೇಲಿನಮ್ಮನ ಶಾಲಿನಲ್ಲಿ ತೂತು ಬಿತ್ತು. ತೂತು ಮುಚ್ಚಹೋದ. ಅಲ್ಲೊಂದು ಕಿವಿ ಮೂಡಿತು. ಅಷ್ಟರಲ್ಲಿ ಪ್ರಿಂಟ್ ಅಂಗಡಿಯವನು ಬಾಗಿಲಲ್ಲಿ ಕೆಮ್ಮಿದ. ಟೈಲ್ಸಣ್ಣ ಮಾಡಿದ್ದನ್ನೆಲ್ಲ ಹಿಂದಕ್ಕೆ ತಂದು, ಬೆರಳು ಇದ್ದ ಹಾಗೇ ಇರಲಿ, ಗೋಡೆಯ ಮೇಲೆ ಯಾರು ಬೆರಳು ನೋಡುತ್ತಾರೆ ಎಂದು ಕೊಟ್ಟು ಕಳಿಸಿದ.

ಮಧ್ಯಾಹ್ನವಿಡೀ ಗಂಡಹೆಂಡತಿ ಲೆಕ್ಕ ಹಾಕಿದರು. ಮಂಚ ಯಾವ ಗೋಡೆಗೆ, ಕಪಾಟು ಯಾವ ಮೂಲೆಗೆ. ಹೆಂಡತಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಮನಸ್ಸಿನಲ್ಲೇ ಕಟ್ಟಿ, ಗಂಡನ ಶರಟುಗಳನ್ನೂ ಅದರ ಮೇಲೆ ಹರವಿದ್ದಳು.

ಸಂಜೆ ಅಂಟಿನ ವಾಸನೆ ಬಂದಮೇಲೆ ಟೈಲ್ಸಣ್ಣ ಹೊರಗೆ ಬಂದು ನೋಡಿದ. ಕೆಳಗಿನಿಂದ ಮೊದಲನೇ ಮಹಡಿಯವರೆಗೆ ಪೇಪರು ಹತ್ತಿತ್ತು. ತನ್ನ ಕೈಕೆಲಸ ಗೋಡೆಯ ಮೇಲೆ ನೋಡಿ ಹೆಮ್ಮೆಯಾಯಿತು. ಆಮೇಲೆ ತನ್ನನ್ನು ಹುಡುಕಿದ. ಕಾಣಲಿಲ್ಲ. ಮೊದಲನೇ ಮಹಡಿಯವರೆಗೂ ಹತ್ತಿ ಹುಡುಕಿದ. ಹೆಡ್‌ಕ್ಲಾರ್ಕು ಇದ್ದರು, ಪೆನ್ನು ಎಡಗಡೆಯೇ ಇತ್ತು. ದರ್ಜಿ ಇದ್ದ. ಟೈಲ್ಸಣ್ಣ ಮಾತ್ರ ಎಲ್ಲಿಯೂ ಇರಲಿಲ್ಲ. ಅವನಿರಬೇಕಾದ ಕಡೆಯಲ್ಲೆಲ್ಲ ತಂಗಿಯ ಪಕ್ಕಕ್ಕೆ ಅಕ್ಕ ನಿಂತಿದ್ದರು. ಅಕ್ಕನ ಹೆಗಲ ಮೇಲೆ ನಾಲ್ಕು ಬೆರಳು.

"ನಾನೆಲ್ಲಿ?" ಎಂದು ಪೇಪರ್ ಅಂಟಿಸುವವನನ್ನು ಕೇಳಿದ.

ಅವನು ಏಣಿಯ ಮೇಲಿಂದಲೇ ಹೇಳಿದ. "ಅಂಚಿಗಿದ್ರಾ? ಹಾಗಾದ್ರೆ ಒಳಗೆ ಹೋಗಿರ್ತೀರಿ. ಒಂದು ಫೋಟೊಗೆ ಒಂದು ಪಟ್ಟಿ, ಅದರ ಅಂಚಿನ ಮೇಲೆ ಮುಂದಿನ ಪಟ್ಟಿ ಹತ್ತಿಸಿಯೇ ಅಂಟಿಸೋದು ಸಾರ್. ಇಲ್ಲಾಂದ್ರೆ ಒಣಗಿದ ಮೇಲೆ ಬಾಯಿ ಬಿಡುತ್ತೆ. ಅಂಚಿಗೆ ಏನೂ ಬೇಕಾದ್ದು ಇಡಬಾರದು ಅಂತ ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಟೈಲ್ಸ್ ಅಂಗಡಿಯಲ್ಲಿ ಯಾರೂ ಒಂದು ಟೈಲಿನ ಮೇಲೆ ಇನ್ನೊಂದನ್ನು ಹತ್ತಿಸುವುದಿಲ್ಲ. ಅಂಚಿಗೆ ಅಂಚು ತಾಗಿಸುವುದೊಂದೇ ಅವನು ಕಲಿತ ವಿದ್ಯೆ.

ಕಿತ್ತು ಹಾಕಿಸೋಣವೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಮೇಲಿನಮ್ಮ ಇಳಿದು ಬಂದರು. ಹಿಂದಿನಿಂದ ಹೆಂಡತಿ ಬಂದು ಅವನ ಶರಟಿನ ತುದಿ ಹಿಡಿದು ನಿಂತಳು. ಮೇಲಿನಮ್ಮ ಗೋಡೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಒಂದು ಪಟ್ಟಿ ದಾಟಿ ಮುಂದಿನ ಪಟ್ಟಿ ನೋಡಿದರು. ಅಲ್ಲಿಯೂ ಅದೇ.

"ಇದು..." ಅವರ ದನಿ ಸಣ್ಣದಾಗಿತ್ತು. "ಹೀಗೆ ಹಾಕು ಅಂತ ಅವಳು ಹೇಳಿದ್ಲಾ?"

ಟೈಲ್ಸಣ್ಣ ಇಲ್ಲ ಎನ್ನಲು ಹೊರಟ. ಹೆಂಡತಿ ಬೆನ್ನು ಚಿವುಟಿದಳು. ನೋವಿಗೆ "ಹೂಂ" ಎಂಬ ಸದ್ದು ಹೊರಬಂತು.

"ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳೋಳಲ್ಲ ಅವಳು. ಚಿಕ್ಕೋಳಿದ್ದಾಗ ಹೀಗೇ ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡೇ ಸ್ಕೂಲಿಗೆ ಬರೋಳು." ಮೇಲಿನಮ್ಮ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಅಷ್ಟು ವರ್ಷದಲ್ಲಿ ಆ ಕಟ್ಟಡದ ಯಾರೂ ಅವರ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಟೈಲ್ಸಣ್ಣನಿಗೆ ಹೇಗೆ ನಿಲ್ಲಬೇಕೆಂದೇ ತಿಳಿಯಲಿಲ್ಲ.

ಅದೇ ಹೊತ್ತಿಗೆ ಕೆಳಗೆ ಗೇಟು ಕಿರ್ರೆಂದಿತು. ತನ್ನ ಪಾಲಿನ ಗೋಡೆಯನ್ನು ಪರೀಕ್ಷಿಸಲು ಎದುರಿನಮ್ಮ ಬಂದಿದ್ದರು. ಟೈಲ್ಸಣ್ಣ ಮೆಟ್ಟಿಲು ಇಳಿದು ಓಡಿದ. ಅವರೂ ಗೋಡೆಯ ಮುಂದೆ ನಿಂತುಬಿಟ್ಟಿದ್ದರು. ಆಮೇಲೆ ಅವನ ಕಡೆ ತಿರುಗಿದರು.

"ನಿಜ ಹೇಳಿ. ನನ್ನ ಕೈ ತನ್ನ ಹೆಗಲ ಮೇಲೆ ಬರೋ ಹಾಗೆ ಅಕ್ಕ ತಾನೇ ಮಾಡಿಸಿದ್ದು?"

ಈ ಸಲ ಚಿವುಟಲು ಹೆಂಡತಿ ಹತ್ತಿರವಿರಲಿಲ್ಲ. ಟೈಲ್ಸಣ್ಣ ತಾನಾಗಿಯೇ "ಹೂಂ" ಎಂದ. ಒಂದು ಸಲ ಹೇಳಿದ ಸುಳ್ಳನ್ನು ಇನ್ನೊಂದು ಸಲ ಹೇಳುವುದು ಅವನ ಮಟ್ಟಿಗೆ ಅಂಚಿಗೆ ಅಂಚು ತಾಗಿಸಿದಷ್ಟೇ ಸುಲಭವಾಗಿತ್ತು.

ಎದುರಿನಮ್ಮ ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲಿನಮ್ಮ ಒಂದೊಂದೇ ಮೆಟ್ಟಿಲು ಇಳಿದರು. ತಿರುವಿನಲ್ಲಿ ಇಬ್ಬರೂ ಎದುರಾದರು. ಹೆಡ್‌ಕ್ಲಾರ್ಕು ಅಭ್ಯಾಸಬಲದಿಂದ ಮಾತು ಸಾಗಿಸಲು ನಡುವೆ ಬಂದರು. ಅವರನ್ನು ಯಾರೂ ಕೇಳಲಿಲ್ಲ.

"ಆ ಮೆಷಿನ್ನು..." ಎಂದರು ಮೇಲಿನಮ್ಮ.

"ಹೋಗ್ಲಿ ಬಿಡಕ್ಕಾ. ಅದು ಹೊಲೀತಾನೂ ಇರಲಿಲ್ಲ," ಎಂದರು ಎದುರಿನಮ್ಮ.

ಇಬ್ಬರೂ ಕೈ ಹಿಡಿದುಕೊಂಡು ಮೂರನೇ ಮಹಡಿಗೆ ಹೋದರು. ಹೆಡ್‌ಕ್ಲಾರ್ಕು ಹುದ್ದೆ ಕಳೆದುಕೊಂಡವರ ಮುಖ ಮಾಡಿಕೊಂಡು ತಮ್ಮ ಮನೆ ಸೇರಿದರು. ದರ್ಜಿ ಟೈಲ್ಸಣ್ಣನ ಕೈ ಕುಲುಕಿ, "ಮನೆ ನಿಂದೇ ಅಂತ ತಿಳ್ಕೋ" ಎಂದ. ಮನೆಗೆ ಬಂದ ಹೆಂಡತಿ ಪಾತ್ರೆಗಳನ್ನು ಡಬ್ಬಕ್ಕೆ ತುಂಬಲು ಶುರುಮಾಡಿದಳು. ಟೈಲ್ಸಣ್ಣನೂ ಮಂಚದ ಬೋಲ್ಟು ಸಡಿಲಿಸಿದ. ಆ ಸಂಜೆಯಷ್ಟು ಖುಷಿಯಾಗಿ ಅವರಿಬ್ಬರೂ ಆ ಮನೆಯಲ್ಲಿ ಎಂದೂ ಇದ್ದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕತಂಗಿಯರು ಜೊತೆಯಾಗಿ ನಿಂತಿದ್ದರು, ಥೇಟು ಗೋಡೆಯ ಮೇಲಿದ್ದ ಹಾಗೇ.

"ನಿನ್ನ ಉಪಕಾರ ನಾವು ಮರೆಯೋ ಹಾಗಿಲ್ಲಪ್ಪಾ," ಎಂದರು ಮೇಲಿನಮ್ಮ. "ಇಷ್ಟು ನಂಬಿಕೆಯ ಮನುಷ್ಯ ಈ ಕಟ್ಟಡದಲ್ಲಿ ಇನ್ನೊಬ್ಬ ಇಲ್ಲ. ಅದಕ್ಕೇ ಕೀ ನಾನೇ ತಂದೆ." ಅವನ ಅಂಗೈಯಲ್ಲಿ ಒಂದು ಕೀಲಿಕೈ ಇಟ್ಟು, ಬೆರಳುಗಳನ್ನು ತಾವೇ ಮಡಚಿದರು.

ಹೆಂಡತಿ ಬಾಗಿಲಿಗೆ ಓಡಿಬಂದಳು. "ಯಾವತ್ತಿಂದ ಅಮ್ಮಾ?"

"ನಾಳೆ ಬೆಳಿಗ್ಗೆಯಿಂದಲೇ."

"ನಾಳೆಗೇ ಸಾಮಾನೆಲ್ಲ ಸಾಗಿಸೋದು ಸ್ವಲ್ಪ ಕಷ್ಟ ಆಗುತ್ತೆ."

"ಸ್ವಿಚ್ಚು ಒತ್ತೋಕೆ ಸಾಮಾನು ಯಾಕಮ್ಮಾ?" ಎಂದು ಮೇಲಿನಮ್ಮ ಆಶ್ಚರ್ಯಪಟ್ಟರು. "ಇದು ಪಂಪ್ ಕೋಣೆ ಕೀ. ಎರಡನೇ ಮಹಡಿ ಮನೆಗೆ ನಮ್ಮ ಇವಳೇ ಬರ್ತಾ ಇದಾಳೆ. ಒಡಹುಟ್ಟಿದೋಳು ಕೂಡಿದ ಮೇಲೂ ಹೊರಗಿನವರಿಗೆ ಕೊಡೋಕಾಗುತ್ತಾ, ನೀನೇ ಹೇಳಪ್ಪಾ. ಆದ್ರೆ ಇವಳಿಗೆ ಚಿಕ್ಕಂದಿನಿಂದ ಬಲು ಬೇಗ ಸ್ನಾನ ಮಾಡೋ ಅಭ್ಯಾಸ. ನನ್ನ ಮೊಣಕಾಲಿಗೆ ಅಷ್ಟು ಬೇಗ ಇಳಿಯೋಕಾಗಲ್ಲ. ಇನ್ಮೇಲೆ ಈಗಿನದಕ್ಕಿಂತ ಒಂದು ಗಂಟೆ ಮುಂಚೆ ನೀನೇ ಹಾಕಿಬಿಡು."

ಟೈಲ್ಸಣ್ಣ ಕೀಲಿಕೈ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ. ಹೆಂಡತಿ ಬೋಲ್ಟು ಬಿಚ್ಚಿದ ಮಂಚವನ್ನು ನೋಡಿದಳು. ಎದುರಿನಮ್ಮ ತುಂಬಿದ ಕಣ್ಣಿನಿಂದ ಅವನ ಹೆಗಲ ಮೇಲೆ ಕೈ ಇಟ್ಟರು.

"ನಿಮಗೆ ತೊಂದರೆ ಆಗಲ್ಲ ಅಂತ ಅಕ್ಕ ಹೇಳಿದ್ಲು. ಹೇಗಿದ್ರೂ ನೀವಿಬ್ಬರೂ ಆ ಹೊತ್ತಿಗೆ ಎದ್ದೇ ಇರ್ತೀರಂತಲ್ಲ."